ಘುಣಾಕ್ಷರವೂ ಅಹಿಂಸಾಣುವ್ರತವೂ

ಮರವನ್ನು ಕೊರೆದು ತಿನ್ನುವ ಹುಳುವಿಗೆ ಸಂಸ್ಕೃತದಲ್ಲಿ ಘುಣವೆಂದು ಹೆಸರು. ಅದು ತನ್ನ ಪಾಡಿಗೆ ತಾನು ತೊಗಟೆಯಡಿಯಲ್ಲಿ ಹಾದಿ ಮಾಡಿಕೊಂಡು ಸಾಗುವಾಗ ಆ ಹಾದಿಯ ಗೆರೆ ಕೆಲವೊಮ್ಮೆ ಅಕ್ಷರದ ಆಕಾರವನ್ನು ತಾಳುತ್ತದೆ. ಹುಳು ಅಕ್ಷರ ಕಲಿತದ್ದಲ್ಲ, ಬರೆಯಬೇಕೆಂದು ಬರೆದದ್ದೂ ಅಲ್ಲ. ಹೀಗೆ ಅರಿವಿಲ್ಲದೆ ಆಕಸ್ಮಿಕವಾಗಿ ಒದಗಿಬರುವ ಫಲಕ್ಕೆ ನಮ್ಮ ಪ್ರಾಚೀನರು ಘುಣಾಕ್ಷರ ನ್ಯಾಯವೆಂದು ಹೆಸರಿಟ್ಟರು. ಯೂರೋಪಿನ ಸ್ಪ್ರೂಸ್ ಮರಗಳ ತೊಗಟೆಯನ್ನು ಕೊರೆಯುವ ದುಂಬಿಗೆ ಲಿನ್ನೇಯಸ್ ಎಂಬ ವಿದ್ವಾಂಸನು 1758ರಲ್ಲಿ ‘ಮುದ್ರಕ’ ಎಂಬರ್ಥದ ಹೆಸರನ್ನಿಟ್ಟನು. ಎಲ್ಲಿಯ ಭರತಖಂಡ, ಎಲ್ಲಿಯ ಸ್ವೀಡನ್! ಇಬ್ಬರ ಕಣ್ಣಿಗೂ ಆ ಹುಳುವಿನ ಹಾದಿ ಬರಹದಂತೆಯೇ ಕಂಡಿತು.

ನಮ್ಮಲ್ಲಿ ಅನೇಕರ ಅಹಿಂಸೆಯೂ ಘುಣಾಕ್ಷರದಂತಹುದೇ ಆಗಿದೆ. ನಗರದಲ್ಲಿ ವಾಸಿಸುವ ಶ್ರಾವಕನಿಗೆ ಜೀವವಧೆಯ ಸಂದರ್ಭ ಬರುವುದೇ ವಿರಳ. ಸಂದರ್ಭ ಬಾರದ್ದರಿಂದ ಕೊಲ್ಲಲಿಲ್ಲ. ಕೊಲ್ಲಲಿಲ್ಲವಾದ್ದರಿಂದ ಅಣುವ್ರತ ಪಾಲಿತವಾಯಿತೆಂದು ಸಮಾಧಾನ. ಆದರೆ ವ್ರತವೆಂಬುದು ಅರಿತು ಹಿಡಿದ ನಿಯಮ. ಆ ಘುಣವೇ ಶ್ರಾವಕನ ತೋಟಕ್ಕೆ ಬಂದು, ಅವನ ಜೀವನಾಧಾರವಾದ ಗಿಡದೊಳಗೆ ಕುಳಿತಾಗ ಅವನು ಏನು ಮಾಡಬೇಕು? ಪ್ರಕೃತ ಲೇಖನದ ವಿಚಾರವಿಷ್ಟೆ.

ಇದು ಕಲ್ಪಿತ ಪ್ರಶ್ನೆಯಲ್ಲ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ತೋಟಗಾರರಲ್ಲಿ ನಮ್ಮ ಧರ್ಮಬಂಧುಗಳೂ ಇದ್ದಾರೆ. ಅಲ್ಲಿ ಅರೇಬಿಕಾ ಕಾಫಿಯ ಪರಮ ಶತ್ರುವೆಂದು ಹೆಸರಾದ ಕೀಟ ಬಿಳಿ ಕಾಂಡಕೊರಕ. ಅದು ನೀಳ ಮೀಸೆಯ ದುಂಬಿಗಳ ಕುಲಕ್ಕೆ ಸೇರಿದ್ದು. ಮೈ ಕಪ್ಪು, ರೆಕ್ಕೆಯ ಮೇಲೆ ಬಿಳಿಯ ಪಟ್ಟೆಗಳು. ರೋಬಸ್ಟಾ ಗಿಡದ ರೆಂಬೆಗೆ ಸೂಜಿಯಿಂದ ಚುಚ್ಚಿದಂತೆ ತೂತು ಮಾಡುವ ಶಾಟ್ ಹೋಲ್ ಬೋರರ್ ಮತ್ತು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡು ಅನಂತರ ಕೊಡಗಿಗೂ ಬಂದ ಕಾಯಿಕೊರಕ ಇವೆರಡೂ ಬೇರೊಂದು ಕುಲದವು. ಶೀತದೇಶಗಳ ಪೈನ್ ಕಾಡುಗಳನ್ನು ಒಣಗಿಸುವ ತೊಗಟೆ ದುಂಬಿಗಳು ಈ ಎರಡರ ದಾಯಾದಿಗಳು. ಹೀಗೆ ಹಿಮದ ನಾಡಿನ ಅರಣ್ಯಾಧಿಕಾರಿಯ ತೊಡಕೂ ಬಾಳೆಹೊನ್ನೂರಿನ ಶ್ರಾವಕನ ತೊಡಕೂ ಒಂದೇ ಬಗೆಯವು. ಭೇದವೆಂದರೆ ಶ್ರಾವಕನು ವ್ರತವನ್ನು ಹಿಡಿದಿದ್ದಾನೆ.

ಶಾಸ್ತ್ರದೃಷ್ಟಿಯಿಂದ ನೋಡಿದರೆ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಕಾಫಿ ಗಿಡವು ಏಕೇಂದ್ರಿಯ, ಸ್ಥಾವರ ಜೀವ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕ್ರಮದಂತೆ ಕೃಮಿಗೆ ಎರಡು ಇಂದ್ರಿಯಗಳು, ಇರುವೆಗೆ ಮೂರು, ದುಂಬಿಗೆ ನಾಲ್ಕು. ಗಿಡದೊಳಗಿನ ಮರಿಯನ್ನು ಕೃಮಿಯೆನ್ನಿ, ಹೊರಬಂದ ಬಳಿಕ ದುಂಬಿಯೆನ್ನಿ, ಅದು ತ್ರಸಜೀವವೆಂಬುದರಲ್ಲಿ ಸಂಶಯವಿಲ್ಲ. ಗೃಹಸ್ಥನು ಅಣುವ್ರತದಲ್ಲಿ ಬಿಟ್ಟಿರುವುದು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು. ಅಂದಮೇಲೆ ಒಂದಿಂದ್ರಿಯದ ಗಿಡವನ್ನು ಉಳಿಸಲು ನಾಲ್ಕಿಂದ್ರಿಯದ ಜೀವವನ್ನು ಕೊಲ್ಲುವುದನ್ನು ಯಾವ ತಕ್ಕಡಿಯಲ್ಲಿ ತೂಗಿದರೂ ನ್ಯಾಯವೆನಿಸದು. ಗಿಡವನ್ನು ರಕ್ಷಿಸಿದೆವೆಂಬ ಪುಣ್ಯದ ಮಾತನ್ನು ಇಲ್ಲಿ ಆಡಲಾಗದು. ರಕ್ಷಿಸುತ್ತಿರುವುದು ನಮ್ಮ ಆದಾಯವನ್ನು. ಅಷ್ಟು ಪ್ರಾಮಾಣಿಕತೆ ಮೊದಲು ಬರಬೇಕು.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಪರಿಪಾಠ ಸರ್ವವಿದಿತ. ಕೀಟನಾಶವನ್ನು ವಿರೋಧೀ ಹಿಂಸೆಯೆಂದು ಕರೆದು ನಿಶ್ಚಿಂತರಾಗುವವರುಂಟು. ಚಾವುಂಡರಾಯನು ದಂಡನಾಯಕನಾಗಿ ಯುದ್ಧಮಾಡಲಿಲ್ಲವೇ ಎಂದು ಉದಾಹರಣೆಯನ್ನೂ ಕೊಡುತ್ತಾರೆ. ಆದರೆ ಚಾವುಂಡರಾಯನ ಎದುರಿಗೆ ಬಂದವನು ಆಯುಧ ಹಿಡಿದವನು, ವೈರವನ್ನು ಸಾರಿ ಬಂದವನು. ಕಾಂಡಕೊರಕಕ್ಕೆ ನಮ್ಮಲ್ಲಿ ಯಾವ ವೈರ? ತನಗೆ ಆಹಾರವಾದದ್ದನ್ನು ಅದು ತಿನ್ನುತ್ತಿದೆ, ತನ್ನ ಸಂತತಿಗೆ ಮನೆ ಮಾಡುತ್ತಿದೆ. ಆದುದರಿಂದ ‘ಪರಮ ಶತ್ರು’ ಎಂಬ ಮಾತನ್ನು ಕೃಷಿಯ ಪುಸ್ತಕಕ್ಕೆ ಬಿಟ್ಟು, ಇದು ಉದ್ಯೋಗೀ ಹಿಂಸೆಯೆಂದು ಒಪ್ಪಿಕೊಳ್ಳುವುದೇ ಸತ್ಯಾಣುವ್ರತಕ್ಕೆ ತಕ್ಕದ್ದು.

ಇಲ್ಲಿ ಒಂದು ಶಂಕೆ ಉದ್ಭವಿಸುತ್ತದೆ. ಹುಳುವನ್ನು ಹುಡುಕಿ ಕೊಲ್ಲುವಾಗ ಕೊಲ್ಲುವ ಉದ್ದೇಶವೇ ಇದೆಯಲ್ಲ! ಉಳುವಾಗ ನೇಗಿಲಿಗೆ ಸಿಕ್ಕಿ ಸಾಯುವ ಹುಳುವಿನಂತೆ ಇದು ಆನುಷಂಗಿಕವಲ್ಲ. ಹಾಗಿದ್ದರೆ ಇದು ಸಂಕಲ್ಪೀ ಹಿಂಸೆಯೇ ಏಕಾಗಬಾರದು?

ಈ ಶಂಕೆ ಬಲವಾದದ್ದು; ಇದನ್ನು ಮಾತಿನ ಚಮತ್ಕಾರದಿಂದ ತಳ್ಳಿಹಾಕಲಾಗದು. ಉದ್ಯೋಗೀ ಮತ್ತು ಸಂಕಲ್ಪೀ ಹಿಂಸೆಗಳ ನಡುವಣ ಗೆರೆ ಇಲ್ಲಿ ಬಹಳ ತೆಳುವಾಗಿದೆ. ನನ್ನ ಅಲ್ಪಮತಿಗೆ ತೋರುವ ಸಮಾಧಾನ ಹೀಗಿದೆ. ಈ ಜೀವ ಸಾಯದೆಯೂ ಗಿಡ ಉಳಿಯುವ ದಾರಿ ಇದ್ದರೆ ಅದನ್ನೇ ಹಿಡಿಯುತ್ತಿದ್ದೆನೆಂದು ತೋಟಗಾರನು ಹೇಳಬಲ್ಲನೇ? ಹೇಳಿದರೆ ಸಾಲದು. ಆ ದಾರಿಗಳು ಯಾವುವೆಂದು ಕಲಿತು, ಅವನ್ನು ಮೊದಲು ಪ್ರಯೋಗಿಸಿರಬೇಕು. ಕಲಿಯುವ ಶ್ರಮವನ್ನೇ ತೆಗೆದುಕೊಳ್ಳದವನು ಬೇರೆ ದಾರಿ ಇರಲಿಲ್ಲವೆಂದರೆ ಆ ಮಾತಿಗೆ ಬೆಲೆಯಿಲ್ಲ. ಪ್ರಮತ್ತಯೋಗದಿಂದಾದ ಪ್ರಾಣಹಾನಿಯೇ ಹಿಂಸೆಯೆಂಬ ಶಾಸ್ತ್ರದ ಲಕ್ಷಣವನ್ನು ಇಲ್ಲಿಗೆ ಅನ್ವಯಿಸಿ ನೋಡಿರಿ. ಹುಳುವಿನ ಕಾಲ, ಸ್ವಭಾವ, ಗುರುತುಗಳನ್ನು ಅರಿಯದಿರುವುದು ತೋಟಗಾರನ ಮಟ್ಟಿಗೆ ಕೇವಲ ಅಜ್ಞಾನವಲ್ಲ, ಪ್ರಮಾದ.

ಹಾಗಾದರೆ ಅರಿಯಬೇಕಾದದ್ದೇನು? ಬಿಳಿ ಕಾಂಡಕೊರಕದ ದುಂಬಿಗಳು ವರ್ಷಕ್ಕೆ ಎರಡು ಅವಧಿಗಳಲ್ಲಿ ಹೊರಬಂದು ಹಾರಾಡುತ್ತವೆ. ಒಂದು ಏಪ್ರಿಲ್–ಮೇ, ಇನ್ನೊಂದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಬಿಸಿಲು ಬಿದ್ದ ಗಿಡಗಳ ಮುಖ್ಯಕಾಂಡ ಹಾಗೂ ದಪ್ಪ ರೆಂಬೆಗಳ ತೊಗಟೆಯ ಬಿರುಕುಗಳಲ್ಲಿ ಹೆಣ್ಣು ದುಂಬಿಯು ಮೊಟ್ಟೆಯಿಡುತ್ತದೆ. ಒಂದೊಂದು 50ರಿಂದ 100ರವರೆಗೂ ಇಡಬಲ್ಲುದು. ಮೊಟ್ಟೆಯೊಡೆದ ಮರಿ ಮೊದಲು ತೊಗಟೆಯಡಿಯಲ್ಲಿ ಹಾದಿ ಮಾಡಿ, ಬಳಿಕ ಗಟ್ಟಿ ಮರದೊಳಗೆ ಇಳಿಯುತ್ತದೆ. ಅಲ್ಲಿ ಅದು ತಿಂಗಳುಗಟ್ಟಲೆ ವಾಸಿಸುತ್ತದೆ. ಹಿಂದಿನ ಹಾದಿಯನ್ನು ತನ್ನ ಹಿಕ್ಕೆಯಿಂದಲೇ ಬಿಗಿಯಾಗಿ ತುಂಬಿಕೊಂಡು ಮುಂದೆ ಸಾಗುವುದರಿಂದ ಹೊರಗೆ ತೂತು ಕಾಣುವುದಿಲ್ಲ. ತೂತು ಕಂಡಿತೆಂದರೆ ದುಂಬಿ ಆಗಲೇ ಹೊರಟುಹೋಗಿದೆಯೆಂದು ಅರ್ಥ.

ಹೊರಗೆ ಕಾಣುವ ಗುರುತು ಬೇರೆ. ಕಾಂಡದ ಸುತ್ತ ತೊಗಟೆಯು ಬಳೆಯಂತೆ ಉಬ್ಬಿ ಏಣುಗಟ್ಟಿರುತ್ತದೆ. ಎಲೆ ಹಳದಿಯಾಗಿ ಜೋಲುತ್ತದೆ. ಎಳೆಯ ಗಿಡವಾದರೆ ವರ್ಷದೊಳಗೆ ಸಾಯುವುದುಂಟು. ಹಳೆಯ ಗಿಡ ಕೆಲವು ವರ್ಷ ತಾಳಿಕೊಂಡು ಸೊರಗುತ್ತದೆ. ಆದುದರಿಂದ ದುಂಬಿ ಹಾರುವ ಕಾಲಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಗಿಡಗಿಡವನ್ನೂ ನೋಡಿ ಬೋರರ್ ಹಿಡಿದದ್ದನ್ನು ಗುರುತಿಸಬೇಕೆಂಬ ಕ್ರಮ ತೋಟಗಳಲ್ಲಿದೆ. ಪೈನ್ ಕಾಡುಗಳಲ್ಲಿಯೂ ಕಲಿಯುವವರಿಗೆ ಮೊದಲ ಪಾಠ ಇಂತಹುದೇ. ತೊಗಟೆಯ ಮೇಲೆ ಹೆಪ್ಪುಗಟ್ಟಿದ ರಾಳದ ಗುಳ್ಳೆ, ಬುಡದಲ್ಲಿ ಉದುರಿದ ಮರದ ಪುಡಿ, ಕ್ರಮೇಣ ಹಳದಿಗೆ ತಿರುಗಿ ಕೆಂಪಾಗುವ ತಲೆ ಇವುಗಳನ್ನು ಓದಬೇಕು. ಘುಣವು ಬರೆದದ್ದು ಅರಿಯದೆ. ನಾವು ಅದನ್ನು ಅರಿತು ಓದಬೇಕು.

ಈ ಓದು ಜೀವದಯೆಗೆ ಹೇಗೆ ಸಂಬಂಧಿಸಿದ್ದೆಂದು ಕೇಳಬಹುದು. ಇತಿಹಾಸವೇ ಉತ್ತರ ಹೇಳುತ್ತದೆ. 1860ರ ದಶಕದಲ್ಲಿ ಕೊಡಗಿನ ಕಾಫಿ ತೋಟಗಳಲ್ಲಿ ಕಾಂಡಕೊರಕವು ಅಪಾರ ಹಾನಿಯನ್ನುಂಟುಮಾಡಿತು. ಮದರಾಸು ಸರ್ಕಾರದ ವತಿಯಿಂದ ಅದನ್ನು ಪರಿಶೀಲಿಸಿದ ಡಾಕ್ಟರ್ ಜಾರ್ಜ್ ಬಿಡಿ ಅವರ ವರದಿ 1869ರಲ್ಲಿ ಪ್ರಕಟವಾಯಿತು. ನೆರಳು ಕಡಿಮೆಯಾಗಿ ಬಿಸಿಲು ಬಿದ್ದ ತೋಟಗಳಲ್ಲಿ ಹುಳುವಿನ ಕಾಟ ಹೆಚ್ಚೆಂಬುದನ್ನು ಅವರು ಕಂಡು ನೆರಳನ್ನು ಬೆಳೆಸಬೇಕೆಂದರು. ಹೆಚ್ಚು ಫಸಲಿನ ಆಸೆಯಿಂದ ಹಿರಿಯ ಮರಗಳನ್ನು ಕಡಿದು ಗಿಡಗಳನ್ನು ಬಿಸಿಲಿಗೆ ಒಡ್ಡಿದಲ್ಲಿ ಹುಳುವಿಗೆ ನಾವೇ ವೀಳ್ಯ ಕೊಟ್ಟಂತೆ. ಬಂದ ಅತಿಥಿಯನ್ನು ಅನಂತರ ಸುಡುತ್ತೇವೆ. ಆ ಹಿಂಸೆಯ ಬೇರು ಹುಳುವಿನಲ್ಲಿಲ್ಲ, ಪರಿಗ್ರಹದಲ್ಲಿದೆ. ಪರಿಗ್ರಹ ಪರಿಮಾಣವ್ರತವನ್ನು ಸಡಿಲಬಿಟ್ಟು ಅಹಿಂಸಾಣುವ್ರತವನ್ನು ಮಾತ್ರ ಬಿಗಿಯಾಗಿ ಹಿಡಿಯುತ್ತೇನೆನ್ನುವುದು ಆಗದ ಮಾತು.

ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾದಲ್ಲಿಯೂ ಇದೇ ಪಾಠ ದೊಡ್ಡ ಪ್ರಮಾಣದಲ್ಲಿ ಕಂಡಿತು. 1990ರ ದಶಕದಲ್ಲಿ ಆರಂಭವಾದ ಪೈನ್ ದುಂಬಿಯ ಹಾವಳಿಯು ಮುಂದೆ ಸುಮಾರು 1.8 ಕೋಟಿ ಹೆಕ್ಟೇರ್ ಕಾಡನ್ನು ವ್ಯಾಪಿಸಿತು. ಅಕ್ಕಿಕಾಳಿನಷ್ಟು ಉದ್ದದ ಜೀವವದು. ಹಿಂದೆ ಕಡುಚಳಿಯು ಅದರ ಮರಿಗಳನ್ನು ಮಿತಿಯಲ್ಲಿಡುತ್ತಿತ್ತು. ಚಳಿಗಾಲ ಬೆಚ್ಚಗಾದುದರಿಂದ ಆ ಮಿತಿ ತಪ್ಪಿತು. ಕಾಳ್ಗಿಚ್ಚನ್ನು ದಶಕಗಳ ಕಾಲ ತಡೆದುದರಿಂದ ಒಂದೇ ಜಾತಿಯ ಮುದಿ ಮರಗಳು ಎಲ್ಲೆಡೆ ಒತ್ತಾಗಿ ನಿಂತಿದ್ದವು. ಬಲವಾದ ಮರವು ರಾಳವನ್ನು ಸುರಿಸಿ ದುಂಬಿಯನ್ನು ಹೊರದೂಡುತ್ತದೆ. ಬರದಿಂದಲೋ ಮುಪ್ಪಿನಿಂದಲೋ ಸೊರಗಿದ ಮರ ಶರಣಾಗುತ್ತದೆ. ಅಲ್ಲಿಯೂ ದುಂಬಿಗೆ ದಾರಿ ಮಾಡಿಕೊಟ್ಟುದರಲ್ಲಿ ಮನುಷ್ಯನ ಕೈವಾಡ ಸಾಕಷ್ಟಿತ್ತು.

ಇನ್ನು ಅರಿಯದೆ ಮಾಡುವ ಉಪಾಯದ ಗತಿಯನ್ನು ನೋಡೋಣ. ಕಾಫಿಯ ಕಾಂಡಕ್ಕೆ ಬಿ.ಎಚ್.ಸಿ. ಮತ್ತು ಅದೇ ವರ್ಗದ ಲಿಂಡೇನ್ ಬಳಿಯುವುದು ಬಹುಕಾಲ ರೂಢಿಯಲ್ಲಿತ್ತು. ನಮ್ಮ ದೇಶದಲ್ಲಿ ಬಿ.ಎಚ್.ಸಿ. 1997ರಲ್ಲಿ ನಿಷಿದ್ಧವಾಯಿತು, ಲಿಂಡೇನ್ ಬಳಕೆಯೂ 2013ರಲ್ಲಿ ನಿಂತಿತು. ಇವು ಮಣ್ಣಿನಲ್ಲಿ, ನೀರಿನಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ ಉಳಿದುಬಿಡುವ ವಿಷಗಳು. ಇಂದಿಗೂ ಹುಳು ಇದೆಯೋ ಇಲ್ಲವೋ ನೋಡದೆ ಪಂಚಾಂಗ ನೋಡಿ ವಿಷ ಸಿಂಪಡಿಸುವವರಿದ್ದಾರೆ. ಅದರಿಂದ ಕಾಂಡಕೊರಕಕ್ಕಿಂತ ಹೆಚ್ಚಾಗಿ ಜೇಡ, ಇರುವೆ, ಜೇನು ಸಾಯುತ್ತವೆ. ಪ್ರಯೋಜನವಿಲ್ಲದೆ ಮಾಡುವ ಇಂತಹ ಹಿಂಸೆಗೆ ನಮ್ಮ ಶ್ರಾವಕಾಚಾರ ಗ್ರಂಥಗಳು ಅನರ್ಥದಂಡವೆಂಬ ಹೆಸರನ್ನೇ ಇಟ್ಟಿವೆ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದೆಂಬುದನ್ನು ಮರೆಯಬಾರದು.

ಕೊಲ್ಲದೆ ತಡೆಯುವ ದಾರಿಗಳು ಇವೆ. ನೆರಳನ್ನು ಕಾಯುವುದು ಮೊದಲನೆಯದು. ಮರಗಸಿ ಮಾಡುವಾಗ ಕೈ ಹಿಡಿತದಲ್ಲಿರಬೇಕು. ಬರಿದಾದ ಕಡೆ ಹಾಲುವಾಣವನ್ನಾದರೂ ನೆಡಬೇಕು. ಎರಡನೆಯದು, ದುಂಬಿ ಹಾರುವ ಕಾಲಕ್ಕೆ ಮೊದಲು ಕಾಂಡದ ಮೇಲಿನ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ನುಣುಪುಮಾಡುವುದು. ಬಿರುಕಿಲ್ಲದ ಕಾಂಡದಲ್ಲಿ ಮೊಟ್ಟೆಗೆ ತಾವಿಲ್ಲ. ಚೂಪಾದ ಕತ್ತಿಯಿಂದ ಹೆರೆದು ಹಸಿ ತೊಗಟೆಗೆ ಗಾಯ ಮಾಡಬಾರದು. ಮೂರನೆಯದು, ನೂರಕ್ಕೆ 10 ಪಾಲು ಸುಣ್ಣದ ತಿಳಿಯನ್ನು ಕಾಂಡಕ್ಕೆ ಬಳಿಯುವುದು. ಸುಣ್ಣ ಬಳಿದ ಕಾಂಡದ ಮೇಲೆ ಮೊಟ್ಟೆಯಿಡಲು ದುಂಬಿ ಹಿಂಜರಿಯುತ್ತದೆ.

ನಮ್ಮ ಮನೆಗಳ ತಾಯಂದಿರಿಗೆ ಇದು ಹೊಸ ಸಂಗತಿಯೇ? ಮಳೆಗಾಲಕ್ಕೆ ಮುನ್ನ ಧಾನ್ಯವನ್ನು ಬಿಸಿಲಿಗೆ ಹಾಕಿ, ಒಣಗಿದ ಡಬ್ಬದಲ್ಲಿ ತುಂಬಿಡುವುದು ಏತಕ್ಕೆ? ಹುಳು ಬಿದ್ದ ಮೇಲೆ ಆರಿಸಿ ಬಿಸಾಡುವುದಕ್ಕಿಂತ ಹುಳು ಹುಟ್ಟದಂತೆ ನೋಡಿಕೊಳ್ಳುವುದು ಮೇಲೆಂದು. ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಸೇದಿದ ಬಾವಿಗೇ ಮರಳಿ ಬಿಡುವ ಯತ್ನಾಚಾರವೇ ತೋಟದಲ್ಲಿ ಸುಣ್ಣದ ಬಕೆಟ್ಟಾಗಿ, ನಾರಿನ ಹಿಡಿಯಾಗಿ ಕಾಣಿಸಿಕೊಳ್ಳಬೇಕು. ತತ್ತ್ವಗಳ ಭಾಷೆಯಲ್ಲಿ ಹೇಳುವುದಾದರೆ ಬಿರುಕಿನಿಂದ ಒಳಬರುವುದು ಆಸ್ರವ, ಬಿರುಕನ್ನು ಮುಚ್ಚುವುದು ಸಂವರ. ಸಂವರವಿಲ್ಲದೆ ನಿರ್ಜರೆಯನ್ನೇ ನೆಚ್ಚಿದವನ ಕೆಲಸ ಮುಗಿಯುವುದೆಂದು?

ಇಷ್ಟಾದರೂ ಕೆಲವು ಗಿಡಗಳಿಗೆ ಹುಳು ಬಿದ್ದೇ ಬೀಳುತ್ತದೆ. ಅಂತಹ ಗಿಡವನ್ನು ಕಿತ್ತು ಸುಡದಿದ್ದರೆ ಅದರೊಳಗಿನ ದುಂಬಿಗಳು ಹೊರಬಂದು ಸುತ್ತಲಿನ ಗಿಡಗಳಲ್ಲಿ ಮೊಟ್ಟೆಯಿಡುತ್ತವೆ. ಕಿತ್ತು ಸೌದೆಯ ರಾಶಿಗೆ ಹಾಕಿದರೆ ಅಲ್ಲಿಂದಲೂ ಹೊರಬರುತ್ತವೆ. ಲಿಂಗಾಕರ್ಷಕ ಬಲೆಗಳೂ ಬಳಕೆಯಲ್ಲಿವೆ. ಈ ಜಾತಿಯಲ್ಲಿ ಗಂಡು ದುಂಬಿಯು ಸೂಸುವ ವಾಸನೆಗೆ ಹೆಣ್ಣು ಬರುತ್ತದೆ. ಆ ವಾಸನೆಯನ್ನು ಕೃತಕವಾಗಿ ತಯಾರಿಸಿ ಹೆಣ್ಣನ್ನು ಬಲೆಗೆ ಸೆಳೆಯುತ್ತಾರೆ. ಇದರಲ್ಲಿ ಬೇರೆ ಜೀವಗಳ ಹಾನಿ ಕಡಿಮೆಯೆಂಬುದು ನಿಜ. ಆದರೂ ವಂಚನೆಯಿಂದ ಕರೆದು ಕೊಲ್ಲುವಲ್ಲಿ ಮಾಯಾಕಷಾಯದ ಸೋಂಕಿದೆಯೆಂದು ಸೂಕ್ಷ್ಮಮತಿಗಳಿಗೆ ಅನ್ನಿಸೀತು. ವಿಷದ ಸಿಂಪರಣೆಗಿಂತ ಇದು ಅಲ್ಪಹಿಂಸೆಯೆಂದು ಒಪ್ಪಬಹುದೇ ಹೊರತು ನಿರ್ದೋಷವೆಂದು ಹೊಗಳಲಾಗದು. ಉಳಿದ ಹಿಂಸೆಯನ್ನು ಹಿಂಸೆಯೆಂದೇ ಕರೆದು, ಅಂದಿನ ಪ್ರತಿಕ್ರಮಣದಲ್ಲಿ ಆಲೋಚಿಸಿ, ಮುಂದಿನ ವರ್ಷ ಕಡಿಮೆ ಮಾಡಲು ಸಂಕಲ್ಪಿಸುವುದೇ ಗೃಹಸ್ಥನಿಗೆ ಉಳಿದ ದಾರಿ.

ಎರಡನೆಯ ಶಂಕೆ ಉಪವಾಸಕ್ಕೆ ಸಂಬಂಧಿಸಿದ್ದು. ಭಾದ್ರಪದದ ದಶಲಕ್ಷಣ ಪರ್ವವು ಗಿಡಗಳನ್ನು ಹುಡುಕುವ ಸೆಪ್ಟೆಂಬರ್ ತಿಂಗಳಿನ ಆಸುಪಾಸಿಗೇ ಬರುತ್ತದೆ. ಫಾಲ್ಗುಣದ ಅಷ್ಟಾಹ್ನಿಕವು ಹಲವೊಮ್ಮೆ ಮಾರ್ಚಿನಲ್ಲಿ ಬೀಳುತ್ತದೆ. ಪರ್ವದಲ್ಲಿ ಆರಂಭತ್ಯಾಗ ಮಾಡಿದವನು ಗಿಡ ಕೀಳಿಸಿ ಸುಡಿಸುವುದೆಂತು? ಕೆಲವರು ತಾವು ಬಸದಿಯಲ್ಲಿ ಪ್ರೋಷಧೋಪವಾಸ ಕುಳಿತು, ತೋಟದ ಕೆಲಸವನ್ನು ಮೇಸ್ತ್ರಿಗೆ ಒಪ್ಪಿಸಿ ಬರುತ್ತಾರೆ. ಇನ್ನು ಕೆಲವರು ಪರ್ವದ ನೆಪದಿಂದ ಕೆಲಸವನ್ನು ಮುಂದೂಡಿ ಅಕ್ಟೋಬರ್ ಕಳೆಯಗೊಡುತ್ತಾರೆ.

ಎರಡೂ ಸಲ್ಲವು. ಪಾಪವು ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಬರುತ್ತದೆ. ಶ್ರಾವಕನ ಪ್ರತಿಮೆಗಳಲ್ಲಿ ಆರಂಭತ್ಯಾಗ ಎಂಟನೆಯದು, ಅನುಮತಿತ್ಯಾಗವಾದರೋ ಹತ್ತನೆಯದು. ಅನುಮತಿಯನ್ನು ಬಿಡುವುದು ಎಷ್ಟು ಕಠಿಣವೆಂದು ಆ ಕ್ರಮವೇ ಸಾರುತ್ತದೆ. ಕೂಲಿಯ ಆಳಿನ ಕೈಗೆ ಬೆಂಕಿಕಡ್ಡಿ ಕೊಟ್ಟು ತಾನು ನಿರಾಹಾರನಾಗಿ ಕುಳಿತ ಮಾತ್ರಕ್ಕೆ ಯಜಮಾನನ ಪಾಲು ಆಳಿಗೆ ವರ್ಗವಾಗದು. ಮುಂದೂಡುವುದಂತೂ ಹೆಚ್ಚು ಜೀವಗಳ ಹಾನಿಗೆ ದಾರಿ. ಹತ್ತು ಗಿಡಗಳಲ್ಲಿ ಮುಗಿಯಬೇಕಾದದ್ದು ಮರುವರ್ಷ ನೂರಕ್ಕೆ ಏರಿ, ಬಳಿಕ ಭೀತಿಯಿಂದ ವಿಷದ ಡಬ್ಬಿಗೆ ಕೈಹಾಕುವಂತಾಗುತ್ತದೆ. ಪರ್ವದ ದಿನಗಳು ಪಂಚಾಂಗದಲ್ಲಿ ಮೊದಲೇ ಗೊತ್ತಿರುತ್ತವೆ. ದುಂಬಿಯ ಕಾಲವೂ ಗೊತ್ತಿದೆ. ಎರಡನ್ನೂ ಎದುರಿಗಿಟ್ಟುಕೊಂಡು, ತಾನೇ ಸಾಲುಸಾಲಾಗಿ ನಡೆದು ನೋಡಿ, ಪರ್ವಕ್ಕೆ ಮುನ್ನ ಕೆಲಸ ಮುಗಿಸಿ, ಅಂದು ತೋಟಕ್ಕೂ ಆಳುಗಳಿಗೂ ಬಿಡುವು ಕೊಟ್ಟು ಉಪವಾಸಕ್ಕೆ ಕುಳಿತರೆ ಆ ಉಪವಾಸಕ್ಕೆ ಕಳೆಯುಂಟು. ಉಪವಾಸವು ಮಾಡಿದ ಹಿಂಸೆಗೆ ಕೊಡುವ ರಸೀದಿಯಲ್ಲ.

ಮೂರನೆಯ ಶಂಕೆ ಈ ಲೇಖನದ ಮೇಲೆಯೇ ಬರುವಂತಹುದು. ಕೃಷಿಯ ಹಿಂಸೆಯನ್ನು ಬೋಧಿಸುವುದು ಪಾಪೋಪದೇಶವೆಂಬ ಅನರ್ಥದಂಡವಲ್ಲವೇ? ಆರಂಭವಿಲ್ಲದವನನ್ನು ಆರಂಭಕ್ಕೆ ಹಚ್ಚಿದರೆ ನಿಶ್ಚಯವಾಗಿಯೂ ಅದು ಪಾಪೋಪದೇಶ. ಆದರೆ ಆರಂಭದಲ್ಲಿ ಆಗಲೇ ಇರುವವನಿಗೆ ಹೆಚ್ಚು ಹಿಂಸೆಯಿಂದ ಕಡಿಮೆ ಹಿಂಸೆಯ ಕಡೆಗೆ ದಾರಿ ತೋರದೆ ಮೌನವಹಿಸಿದರೆ ಅವನು ವಿಷದ ಅಂಗಡಿಯವನ ಮಾತನ್ನು ಕೇಳುತ್ತಾನೆ. ವ್ರತದ ವಿಚಾರವನ್ನು ಬಸದಿಯ ಕಂಬಗಳ ನಡುವೆಯೇ ಇರಿಸಿ, ತೋಟದ ವಿಚಾರವನ್ನು ಅಂಗಡಿಗೆ ಬಿಟ್ಟುಕೊಟ್ಟುದರಿಂದಲೇ ಎಷ್ಟೋ ಜನರಿಗೆ ಎರಡಕ್ಕೂ ಸಂಬಂಧವೇ ಇಲ್ಲವೆನಿಸಿದೆ.

ತೋಟವಿಲ್ಲದವರಿಗೆ ಇದರಲ್ಲಿ ಪಾಲಿಲ್ಲವೆಂದು ತಿಳಿಯಬೇಡಿರಿ. ಮೈಸೂರಿನ ಲಕ್ಷ್ಮೀಪುರಂನಲ್ಲಿ ಕುಳಿತು ಬೆಳಿಗ್ಗೆ ಎರಡು ಲೋಟ, ಸಂಜೆ ಒಂದು ಲೋಟ ಕಾಫಿ ಕುಡಿಯುವ ನಾವು ಅನುಮೋದನೆಯ ಬಾಗಿಲಲ್ಲೇ ನಿಂತಿದ್ದೇವೆ. ಅಗ್ಗದ ಕಾಫಿಯನ್ನು ಕೇಳುವ ಕೊಳ್ಳುವವನು ನೆರಳಿನ ಮರವನ್ನು ಕಡಿಯಲು ಪರೋಕ್ಷವಾಗಿ ಕೊಡಲಿ ಕೊಟ್ಟಂತೆ. ಕಾಫಿಯನ್ನು ಎಲ್ಲರೂ ಬಿಟ್ಟುಬಿಡಿರೆಂದು ಹೇಳುವುದು ಸುಲಭ, ಪಾಲಿಸುವವರು ಎಷ್ಟು ಮಂದಿ? ಭೋಗೋಪಭೋಗ ಪರಿಮಾಣವ್ರತದಲ್ಲಿ ಮೂರನ್ನು ಎರಡಾಗಿಸಬಹುದು. ಅಷ್ಟಮೀ ಚತುರ್ದಶಿಗಳಂದು ಬಿಡಬಹುದು. ನೆರಳನ್ನು ಉಳಿಸಿ, ವಿಷವಿಲ್ಲದೆ ಬೆಳೆದ ತೋಟದ ಬೀಜಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು.

ಸಾರಾಂಶವಿಷ್ಟು. ದಯೆಗೆ ಅರಿವಿನ ಕಣ್ಣು ಬೇಕು. ಕಾಂಡದ ಮೇಲಿನ ಏಣನ್ನು ಸೆಪ್ಟೆಂಬರಿನಲ್ಲಿ ಗುರುತಿಸಬಲ್ಲ ಶ್ರಾವಕನು, ಗುರುತಿಸಲಾರದ ಶ್ರಾವಕನಿಗಿಂತ ಹೆಚ್ಚು ಜೀವಗಳನ್ನು ಉಳಿಸುತ್ತಾನೆ. ಇಬ್ಬರೂ ಒಂದೇ ವ್ರತವನ್ನು ಅದೇ ಗುರುಗಳ ಸನ್ನಿಧಿಯಲ್ಲಿ ಸ್ವೀಕರಿಸಿದ್ದಿರಬಹುದು. ಒಬ್ಬನ ವ್ರತ ಬರಹ, ಇನ್ನೊಬ್ಬನದು ಘುಣಾಕ್ಷರ. ಬರುವ ದಶಲಕ್ಷಣಕ್ಕೆ ಮುನ್ನ ತೋಟವುಳ್ಳ ಧರ್ಮಬಂಧುಗಳು ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೊಂದು ಗಿಡದ ಬುಡದಲ್ಲಿಯೂ ನಿಂತು ನೋಡುವುದನ್ನು ಕಲಿಸಲಿ. ಅಹಿಂಸಾಣುವ್ರತದ ಪಾಠಕ್ಕೆ ಅದೂ ಒಂದು ಶಾಲೆಯೇ.